30 ರೂಪಾಯಿ ಬಸ್ ಚಾರ್ಜಿಗೆ ಚೀಟಿ ಬೇಕು, ಶಾಸಕರ ಭತ್ಯೆಗೆ ಯಾಕೆ ಬೇಡ?

ಪ್ರಶ್ನೆ: ನಮಸ್ಕಾರ ಸರ್. ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. ನಮ್ಮ ಸ್ವಸಹಾಯ ಸಂಘದಲ್ಲಿ ಒಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಬ್ಯಾಂಕಿಗೆ ಹೋಗಿ ಬಂದರೆ 30 ರೂಪಾಯಿ ಬಸ್ ಚಾರ್ಜು. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಕಂಡಕ್ಟರ್ ಟಿಕೆಟ್ ಕೊಡುವುದು ಕಮ್ಮಿ. ಆದರೂ ಒಂದು ಚೀಟಿ ಬರೆದು, ಇಬ್ಬರ ಸಹಿ ಹಾಕಿಸಿ ಪುಸ್ತಕಕ್ಕೆ ಅಂಟಿಸುತ್ತೇನೆ. ಶಾಸಕರ ಸಂಬಳ ಒಂದೇ ದಿನದಲ್ಲಿ ಎರಡು ಪಟ್ಟಾಯಿತು ಅಂತ ಪೇಪರಿನಲ್ಲಿ ಓದಿದೆ. ಅವರ ಭತ್ಯೆಗೆ ಬಿಲ್ಲೇ ಕೊಡಬೇಕಿಲ್ಲವಂತೆ, ಹೌದಾ? ನನ್ನ ಮಗ ಎಲ್ಲಾ ಕಳ್ಳರೇ, ವೋಟು ಯಾಕೆ ಹಾಕಬೇಕು ಅನ್ನುತ್ತಾನೆ. ಈಗ ನನ್ನ ಮೈದುನನ ಮಗಳು ಪಂಚಾಯಿತಿ ಚುನಾವಣೆಗೆ ನಿಲ್ಲುತ್ತೇನೆ ಅಂತಿದ್ದಾಳೆ. ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ಒಳಗೆ ಕಾಲಿಟ್ಟರೆ ನಮ್ಮನ್ನೂ ಜನ ಅದೇ ಸಾಲಿಗೆ ಸೇರಿಸುತ್ತಾರೆ ಅಂತ ಭಯ. ಖರ್ಚಿನ ನಿಯಮ ಬದಲಾಯಿಸಿದರೆ ಹೋದ ನಂಬಿಕೆ ವಾಪಸ್ ಬರುತ್ತದಾ? ಅವಳಿಗೆ ನಾನು ಏನು ಹೇಳಲಿ?

ಉತ್ತರ: ನಮಸ್ಕಾರ ಅಮ್ಮಾ. ನಾನು ಮೂವತ್ತೊಂದು ವರ್ಷ ಸರ್ಕಾರಿ ಲೆಕ್ಕ ತಪಾಸಣೆಯಲ್ಲಿ ಇದ್ದವನು. ಶಿವಮೊಗ್ಗ ಜಿಲ್ಲೆಯಲ್ಲಿ ನಾನು ಕೂತು ವೋಚರ್ ತಿರುವಿ ಹಾಕದ ಪಂಚಾಯಿತಿ ಕಡಿಮೆ. ನಿಮ್ಮ ಸಿಟ್ಟು ದುಡ್ಡಿನ ಮೊತ್ತದ ಮೇಲೆ ಅಲ್ಲ ಅಂತ ನನಗೆ ಅನಿಸಿತು. ನಮಗೊಂದು ನ್ಯಾಯ, ಅವರಿಗೊಂದು ನ್ಯಾಯ ಯಾಕೆ ಅನ್ನುವುದು ನಿಮ್ಮ ಪ್ರಶ್ನೆ. ಅದು ಸರಿಯಾದ ಪ್ರಶ್ನೆ.

ನೀವು ಓದಿದ ಸುದ್ದಿ ನಿಜ. 2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಸಭೆ ಶಾಸಕರ ಸಂಬಳವನ್ನು ತಿಂಗಳಿಗೆ 40,000ದಿಂದ 80,000ಕ್ಕೆ ಏರಿಸಿತು. ಮುಖ್ಯಮಂತ್ರಿಯವರದ್ದು 75,000ದಿಂದ ಒಂದೂವರೆ ಲಕ್ಷವಾಯಿತು. ಸದನದಲ್ಲಿ ಗಲಾಟೆ ನಡೆಯುತ್ತಿದ್ದ ಹೊತ್ತಿನಲ್ಲಿ, ಚರ್ಚೆಯೇ ಇಲ್ಲದೆ ಮಸೂದೆ ಪಾಸಾಯಿತು. ನನಗೆ ಬೇಜಾರಾದದ್ದು 80,000ಕ್ಕಲ್ಲ. ಒಬ್ಬ ಶಾಸಕರಿಗೆ ಅಷ್ಟು ಸಂಬಳ ಯಾಕೆ ಬೇಕು ಅಂತ ಅರ್ಧ ಗಂಟೆ ಕೂತು ಜನರಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಇನ್ನು ಭತ್ಯೆಗೆ ಬಿಲ್ ಬೇಡವಾ ಅಂತ ಕೇಳಿದ್ದೀರಿ. ಬಹುಮಟ್ಟಿಗೆ ಬೇಡ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರ್ಕಾರದಿಂದ ಖರ್ಚಿಗೆ ದುಡ್ಡು ಬರುವ ದಾರಿ ಎರಡು. ಒಂದು ಮರುಪಾವತಿ: ಮೊದಲು ಖರ್ಚು ಮಾಡಿ, ಬಿಲ್ ಕೊಟ್ಟು, ಆಮೇಲೆ ದುಡ್ಡು ತೆಗೆದುಕೊಳ್ಳುವುದು. ನಿಮ್ಮ ಸಂಘದ ಬಸ್ ಚಾರ್ಜು ಈ ಜಾತಿಯದ್ದು. ಇನ್ನೊಂದು ನಿಗದಿ ಭತ್ಯೆ: ತಿಂಗಳಿಗೆ ಇಷ್ಟು ಅಂತ ಕಾನೂನಿನಲ್ಲೇ ಬರೆದಿರುತ್ತದೆ. ಖರ್ಚಾದರೂ ಬರುತ್ತದೆ, ಆಗದಿದ್ದರೂ ಬರುತ್ತದೆ. ನಮ್ಮ ಶಾಸಕರಿಗೆ ಸಿಗುವ ಕ್ಷೇತ್ರ ಭತ್ಯೆ, ದೂರವಾಣಿ ಭತ್ಯೆ, ಅಂಚೆ ಭತ್ಯೆ ಈ ಎರಡನೇ ಜಾತಿಯವು. ಹಾಗಾಗಿ ಅಲ್ಲಿ ಬಿಲ್ಲೇ ಹುಟ್ಟುವುದಿಲ್ಲ. ಹುಟ್ಟದ ಬಿಲ್ಲನ್ನು ಯಾವ ಆಡಿಟರ್ ನೋಡುತ್ತಾನೆ ಹೇಳಿ. ಅಧಿವೇಶನಕ್ಕೆ ಓಡಾಡುವ ಟಿಎ, ಡಿಎ (ಪ್ರಯಾಣ ಭತ್ಯೆ, ದಿನಭತ್ಯೆ) ಮಾತ್ರ ಬೇರೆ. ಅದಕ್ಕೆ ಎಲ್ಲಿಂದ ಎಲ್ಲಿಗೆ, ಎಷ್ಟು ದಿನ ಅಂತ ಲೆಕ್ಕ ಬರುತ್ತದೆ. ಅಲ್ಲೂ ತಕರಾರು ಎದ್ದದ್ದುಂಟು. ಬೆಂಗಳೂರು ಮೇಯರ್ ಚುನಾವಣೆಯಲ್ಲಿ ಮತ ಹಾಕಲು ಒಂದು ವಿಳಾಸ, ಟಿಎ ತೆಗೆದುಕೊಳ್ಳಲು ಇನ್ನೊಂದು ವಿಳಾಸ ಕೊಟ್ಟರು ಎಂಬ ಆರೋಪ ಕೆಲವು ವಿಧಾನ ಪರಿಷತ್ ಸದಸ್ಯರ ಮೇಲೆ ಬಂದು ಕೋರ್ಟಿನವರೆಗೂ ಹೋಗಿದೆ.

ಹಾಗಂತ ನಿಮ್ಮ ಮಗ ಹೇಳುವುದೆಲ್ಲ ಸರಿ ಅಂತಲೂ ಅಲ್ಲ. ಬಸ್ ಸ್ಟ್ಯಾಂಡ್ ಮಾತಿನಲ್ಲಿ ಓಡಾಡುವ ಎರಡು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ಶಾಸಕರಿಗೆ ವರ್ಷಕ್ಕೆ 2 ಕೋಟಿ ಕೈಗೆ ಕೊಡುತ್ತಾರೆ ಅಂತ ಬಹಳ ಜನ ನಂಬಿದ್ದಾರೆ. ಅದು ಪ್ರದೇಶಾಭಿವೃದ್ಧಿ ನಿಧಿ. ಶಾಸಕರು ಯಾವ ಕೆಲಸ ಆಗಬೇಕು ಅಂತ ಶಿಫಾರಸು ಮಾಡುತ್ತಾರೆ, ದುಡ್ಡು ಬಿಡುಗಡೆ ಆಗುವುದು ಜಿಲ್ಲಾಧಿಕಾರಿ ಮೂಲಕ. ಸಂಸದರ 5 ಕೋಟಿ ನಿಧಿಯೂ ಅವರ ಕೈಗೆ ಬರುವುದಿಲ್ಲ. ಅಲ್ಲಿ ಕಮಿಷನ್ ನಡೆಯುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಕಳ್ಳತನ ನಡೆದರೆ ಟೆಂಡರ್‌ನಲ್ಲಿ, ಕೆಲಸ ಎಷ್ಟಾಯಿತು ಅಂತ ಬರೆಯುವ ಅಳತೆ ಪುಸ್ತಕದಲ್ಲಿ ನಡೆಯುತ್ತದೆ. ಅದನ್ನು ಭತ್ಯೆ ನಿಯಮದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇನ್ನೊಂದು, ಇವರ ಸಂಬಳದಿಂದಲೇ ರಾಜ್ಯ ಮುಳುಗುತ್ತಿದೆ ಅನ್ನುವ ಮಾತು. ನೀವು ಲೆಕ್ಕ ಬರೆಯುವವರು, ಲೆಕ್ಕ ಹಾಕಿ ನೋಡಿ. 224 ಶಾಸಕರು, ತಿಂಗಳಿಗೆ 80,000. ವರ್ಷಕ್ಕೆ ಸುಮಾರು ಇಪ್ಪತ್ತೊಂದೂವರೆ ಕೋಟಿ. 2025-26ರ ರಾಜ್ಯ ಬಜೆಟ್ 4 ಲಕ್ಷದ 9 ಸಾವಿರ ಕೋಟಿಗೂ ಮೇಲೆ. ಅಂದರೆ ಸರ್ಕಾರ ಖರ್ಚು ಮಾಡುವ ಪ್ರತಿ 1,000 ರೂಪಾಯಿಯಲ್ಲಿ ಶಾಸಕರ ಸಂಬಳ ಸುಮಾರು 5 ಪೈಸೆ. ಭತ್ಯೆ ಸೇರಿಸಿದರೆ ಇನ್ನೊಂದಿಷ್ಟು ಪೈಸೆ. ಇದನ್ನು ಪೂರ್ತಿ ನಿಲ್ಲಿಸಿದರೂ ನಿಮ್ಮೂರಿನ ರಸ್ತೆಯ ಗುಂಡಿ ಮುಚ್ಚುವುದಿಲ್ಲ.

ಹಾಗಾದರೆ 5 ಪೈಸೆಗೆ ಇಷ್ಟು ಸಿಟ್ಟು ಯಾಕೆ? ಯಾಕೆಂದರೆ ಜನಕ್ಕೆ ಅರ್ಥವಾಗುವ ಲೆಕ್ಕ ಅದೊಂದೇ. ನೂರು ಕೋಟಿಯ ನೀರಾವರಿ ಯೋಜನೆಯ ಅಂದಾಜುಪಟ್ಟಿ ನನಗೇ ಸರಿಯಾಗಿ ಅರ್ಥವಾಗುತ್ತಿರಲಿಲ್ಲ, ಇಂಜಿನಿಯರ್ ಪಕ್ಕದಲ್ಲಿ ಕೂತು ಹೇಳಬೇಕಿತ್ತು. ಆದರೆ ಕಾರು, ಡೀಸೆಲ್, ಊಟ, ಫೋನು ಎಲ್ಲರ ಮನೆಯಲ್ಲೂ ಇದೆ. ಅದರ ಬೆಲೆ ಎಲ್ಲರಿಗೂ ಗೊತ್ತು. ಸಣ್ಣ ಲೆಕ್ಕದಲ್ಲಿ ಸುಳ್ಳು ಹೇಳಿದವನು ದೊಡ್ಡದರಲ್ಲಿ ನಿಜ ಹೇಳುತ್ತಾನಾ ಅಂತ ಜನ ಯೋಚಿಸುತ್ತಾರೆ. ನಾವು ಸಾಲ ಕೊಡುವಾಗ, ಸಂಬಂಧ ನೋಡುವಾಗ ಹಾಗೇ ಅಲ್ವಾ ಯೋಚಿಸುವುದು.

ಇಲ್ಲಿ ನಾನು ಕಂಡ ಒಂದು ಪ್ರಸಂಗ ಹೇಳಬೇಕು. ಬಹಳ ವರ್ಷದ ಹಿಂದಿನದು. ತಾಲ್ಲೂಕು ಮಟ್ಟದ ಒಂದು ಕಚೇರಿ, ಯಾವುದು ಅಂತ ಬೇಡ. ಅಲ್ಲಿನ ಚುನಾಯಿತ ಅಧ್ಯಕ್ಷರ ಜೀಪಿನ ಲಾಗ್ ಬುಕ್ ನೋಡುತ್ತಿದ್ದೆ. ಹೊರಟ ಜಾಗ, ಹೋದ ಜಾಗ, ಕಿಲೋಮೀಟರ್, ಪ್ರವಾಸದ ಉದ್ದೇಶ, ಕೊನೆಗೊಂದು ಸಹಿ. ಜುಲೈ ತಿಂಗಳ ಒಂದು ದಿನಕ್ಕೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗಿ ಬಂದಿದ್ದು, ಉದ್ದೇಶ ಕಾಮಗಾರಿ ವೀಕ್ಷಣೆ ಅಂತ ಇತ್ತು. ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಮೇಗರವಳ್ಳಿ ಹತ್ತಿರ ದೊಡ್ಡ ಮರ ರಸ್ತೆಗೆ ಅಡ್ಡ ಬಿದ್ದು, ಸಂಜೆವರೆಗೆ ಒಂದು ಗಾಡಿಯೂ ಆಚೆ ಹೋಗಿರಲಿಲ್ಲ. ನಾನೇ ಆ ಸಾಲಿನಲ್ಲಿ ಮೂರು ಗಂಟೆ ನಿಂತು, ನೆನೆದುಕೊಂಡು ವಾಪಸ್ ಬಂದಿದ್ದೆ.

ಡ್ರೈವರ್‌ನನ್ನು ಕರೆಸಿ ಕೇಳಿದೆ. ಅವನು ನೆಲ ನೋಡಿದ. ಸ್ವಲ್ಪ ಹೊತ್ತಿಗೆ ಅಧ್ಯಕ್ಷರೇ ಬಂದು ಕೂತರು. ಹಿಂದಿನ ವಾರ ರಾತ್ರಿ ಒಂದು ಹೆರಿಗೆ ಕೇಸು, ಅದೇ ಜೀಪಿನಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ತಾಯಿ, ಮಗು ಎರಡೂ ಉಳಿದವು. ಆದರೆ ಲಾಗ್ ಬುಕ್‌ನ ಉದ್ದೇಶದ ಕಾಲಂನಲ್ಲಿ ಹೆರಿಗೆ ಅಂತ ಬರೆದರೆ ಆಡಿಟ್‌ನಲ್ಲಿ ಹಿಡಿಯುತ್ತಾರೆ, ಖಾಸಗಿ ಬಳಕೆ ಅಂತ ವಸೂಲಿ ಹಾಕುತ್ತಾರೆ ಅನ್ನುವ ಹೆದರಿಕೆ. ಅದಕ್ಕೆ ಡೀಸೆಲ್ ಸರಿಹೊಂದಿಸಲು ಹೋಗದ ಊರಿಗೆ ಹೋದ ಹಾಗೆ ಬರೆದಿದ್ದರು.

ನಾನು ಆಕ್ಷೇಪಣೆ ಬರೆದೆ. ಬರೆಯದೆ ಇರುವಂತಿರಲಿಲ್ಲ. ಸುಳ್ಳು ನಮೂದು ಸುಳ್ಳೇ. ಅವರು ದುಡ್ಡು ಕಟ್ಟಿದರು. ಆದರೆ ಅದೇ ಪುಸ್ತಕವನ್ನು ಹಿಂದಕ್ಕೆ ತಿರುಗಿಸಿದಾಗ ಇನ್ನೂ ಹತ್ತಾರು ಕಾಮಗಾರಿ ವೀಕ್ಷಣೆ ಸಿಕ್ಕವು. ಅವುಗಳಲ್ಲಿ ಯಾವುದು ಹೆರಿಗೆ, ಯಾವುದು ಮದುವೆ ದಿಬ್ಬಣ, ಯಾವುದು ಮಾರಿಕೊಂಡ ಡೀಸೆಲ್ ಅಂತ ಹೇಳಲು ಯಾವ ದಾರಿಯೂ ಇರಲಿಲ್ಲ. ಒಳ್ಳೆಯ ಕೆಲಸಕ್ಕೆ ಬರೆದ ಸುಳ್ಳೂ ಕಳ್ಳತನಕ್ಕೆ ಬರೆದ ಸುಳ್ಳೂ ಒಂದೇ ಅಕ್ಷರದಲ್ಲಿ ಇದ್ದವು.

ಅವತ್ತಿನಿಂದ ನಾನು ನಿಯಮಗಳನ್ನು ನೋಡುವ ರೀತಿ ಬದಲಾಯಿತು. ನಿಜ ಬರೆಯಲು ಜಾಗ ಇಲ್ಲದ ನಿಯಮ ಎಷ್ಟು ಬಿಗಿಯಾಗಿದ್ದರೂ ಪ್ರಯೋಜನ ಇಲ್ಲ. ನಿಜ ಬರೆದರೂ ಅದು ಯಾರಿಗೂ ಕಾಣದಿದ್ದರೆ ಅದೂ ಪ್ರಯೋಜನ ಇಲ್ಲ. ಎರಡೂ ಒಟ್ಟಿಗೆ ಬೇಕು. ನಿಮ್ಮ ಸಂಘದಲ್ಲಿ ಎರಡೂ ಇವೆ ನೋಡಿ. ಟಿಕೆಟ್ ಕೊಡಲಿಲ್ಲ ಅಂತಲೇ ಚೀಟಿಯಲ್ಲಿ ಬರೆಯುತ್ತೀರಿ. ವಾರದ ಸಭೆಯಲ್ಲಿ ಅದನ್ನು ಎಲ್ಲರೂ ನೋಡುತ್ತಾರೆ.

ಈ ವಿಷಯದಲ್ಲಿ ದೊಡ್ಡ ಪಾಠ ಕಲಿತ ದೇಶ ಬ್ರಿಟನ್. ಅಲ್ಲಿ ಸಂಸದರ ಸಂಬಳ ಏರಿಸಿದರೆ ಜನ ಬೈಯುತ್ತಾರೆ ಅಂತ ಸರ್ಕಾರಗಳು ಹೆದರುತ್ತಿದ್ದವು. ಅದಕ್ಕೆ ಸಂಬಳ ಬಿಟ್ಟು ಭತ್ಯೆಗಳನ್ನು ಸದ್ದಿಲ್ಲದೆ ಬೆಳೆಸಿದರು. ಲಂಡನ್ನಿನಲ್ಲಿ ಎರಡನೇ ಮನೆ ಇಟ್ಟುಕೊಳ್ಳುವ ಖರ್ಚು ಅದರಲ್ಲಿ ದೊಡ್ಡದು. ಬಿಲ್ ನೋಡುತ್ತಿದ್ದವರು ಸಂಸತ್ತಿನದೇ ಕಚೇರಿಯ ನೌಕರರು. ತಮ್ಮ ಮೇಲಿನವರ ಬಿಲ್ಲಿಗೆ ಇಲ್ಲ ಅನ್ನುವ ಧೈರ್ಯ ಎಷ್ಟು ಜನಕ್ಕೆ ಇರುತ್ತದೆ? ಹೀದರ್ ಬ್ರೂಕ್ ಎಂಬ ಪತ್ರಕರ್ತೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಕೋರ್ಟಿಗೂ ಹೋದರು. ಅಷ್ಟರಲ್ಲಿ ಪೂರ್ತಿ ಲೆಕ್ಕ ಸೋರಿ, 2009ರ ಮೇ ತಿಂಗಳಲ್ಲಿ ಡೈಲಿ ಟೆಲಿಗ್ರಾಫ್ ಪತ್ರಿಕೆ ದಿನಾ ಒಂದಿಷ್ಟು ಪ್ರಕಟಿಸಿತು. ಒಬ್ಬ ಸಂಸದರು ಕೊಳದ ನಡುವೆ ಬಾತುಕೋಳಿಗೆ ಮನೆ ಮಾಡಿಸಿದ್ದಕ್ಕೆ 1,645 ಪೌಂಡ್ ಕೇಳಿದ್ದರು. ಆ ಬಿಲ್ ಪಾಸಾಗಿರಲಿಲ್ಲ. ಆದರೂ ಜನರ ತಲೆಯಲ್ಲಿ ಉಳಿದದ್ದು ಅದೇ. ಸ್ಪೀಕರ್ ಮೈಕಲ್ ಮಾರ್ಟಿನ್ ರಾಜೀನಾಮೆ ಕೊಟ್ಟರು. ನೂರಾರು ಸಂಸದರಿಗೆ ದುಡ್ಡು ವಾಪಸ್ ಕಟ್ಟಲು ಹೇಳಿದರು. ಸುಳ್ಳು ಬಿಲ್ ಕೊಟ್ಟ ಕೆಲವರು ಜೈಲಿಗೂ ಹೋದರು.

ಆದರೆ ಜನರನ್ನು ಹೆಚ್ಚು ಕೆರಳಿಸಿದ್ದು ಜೈಲಿಗೆ ಹೋದವರಲ್ಲ. ಉಳಿದವರಲ್ಲಿ ಬಹಳ ಜನ, ನಾವು ಮಾಡಿದ್ದು ನಿಯಮದೊಳಗೇ ಇದೆ ಅಂದರು. ಅದು ನಿಜವೂ ಆಗಿತ್ತು. ನಿಯಮ ಮಾಡಿದವರೂ ಅವರೇ, ದುಡ್ಡು ತೆಗೆದುಕೊಂಡವರೂ ಅವರೇ. ನಮ್ಮಲ್ಲೂ ಸಂಬಳಕ್ಕಿಂತ ಭತ್ಯೆಗಳ ಒಟ್ಟು ಮೊತ್ತವೇ ಜಾಸ್ತಿ ಆಗಿದ್ದು ಇದೇ ಭಯದಿಂದ ಅಂತ ನನ್ನ ಅನಿಸಿಕೆ.

ಆಮೇಲೆ ಬ್ರಿಟನ್ನಿನವರು ಐಪ್ಸಾ ಎಂಬ ಸ್ವತಂತ್ರ ಸಂಸ್ಥೆ ಮಾಡಿದರು. 2010ರಿಂದ ಸಂಸದರ ಖರ್ಚಿನ ನಿಯಮ ಮಾಡುವುದು, ಬಿಲ್ ನೋಡುವುದು, ಯಾರು ಎಷ್ಟು ತೆಗೆದುಕೊಂಡರು ಅಂತ ಪ್ರಕಟಿಸುವುದು ಎಲ್ಲ ಅದರ ಕೆಲಸ. ಸ್ವಲ್ಪ ದಿನಕ್ಕೆ ಸಂಬಳ ನಿಗದಿಯೂ ಅದರ ಕೈಗೆ ಹೋಯಿತು. 2015ರಲ್ಲಿ ಅದು ಸಂಬಳವನ್ನು 67,060 ಪೌಂಡಿನಿಂದ 74,000ಕ್ಕೆ ಏರಿಸಿತು. ದೊಡ್ಡ ಪಕ್ಷಗಳ ನಾಯಕರೇ ಬೇಡ ಅಂದರೂ ನಿಲ್ಲಿಸಲು ಆಗಲಿಲ್ಲ. ಸ್ವತಂತ್ರ ಸಂಸ್ಥೆ ಅಂದರೆ ಅದು ನಮಗೆ ಇಷ್ಟವಾದ ಉತ್ತರವನ್ನೇ ಕೊಡಬೇಕು ಅಂತಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ನಂಬಿಕೆ ವಾಪಸ್ ಬಂತಾ? ಬರಲಿಲ್ಲ. ಅಲ್ಲಿನ ಸಮೀಕ್ಷೆಗಳಲ್ಲಿ ಜನ ನಂಬುವ ವೃತ್ತಿಗಳ ಪಟ್ಟಿಯಲ್ಲಿ ರಾಜಕಾರಣಿಗಳು ಇವತ್ತಿಗೂ ತಳದಲ್ಲೇ ಇದ್ದಾರೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಒಂದು ವ್ಯತ್ಯಾಸ ಆಗಿದೆ. ಈಗ ಒಬ್ಬ ಸಂಸದನ ಮೇಲೆ ಖರ್ಚಿನ ಆರೋಪ ಬಂದರೆ, ಅರ್ಧ ಗಂಟೆಯಲ್ಲಿ ಯಾರು ಬೇಕಾದರೂ ಅವನ ಲೆಕ್ಕ ತೆಗೆದು ನೋಡಬಹುದು. ತಪ್ಪಿದ್ದರೆ ಅವನೊಬ್ಬನ ತಪ್ಪಾಗುತ್ತದೆ. ಎಲ್ಲರೂ ಕಳ್ಳರು ಅನ್ನುವ ಮಾತಿಗೆ ಇರುವ ಮದ್ದು ಇಷ್ಟೇ. ಯಾರು ಹೌದು, ಯಾರು ಅಲ್ಲ ಅಂತ ಬೇರ್ಪಡಿಸಿ ನೋಡಲು ಆಗಬೇಕು. ಅಡಿಕೆ ಮಂಡಿಯಲ್ಲಿ ನಾವು ವ್ಯಾಪಾರಿಯನ್ನು ನಂಬುವುದು ಅವನ ಮುಖ ನೋಡಿ ಅಲ್ಲ. ತೂಕ ಕಣ್ಣೆದುರು ಆಗುತ್ತದೆ, ಪಟ್ಟಿಯಲ್ಲಿ ದರ ಎಷ್ಟು, ಹಮಾಲಿ ಎಷ್ಟು, ಕಳೆದದ್ದು ಎಷ್ಟು ಅಂತ ಬರೆದಿರುತ್ತದೆ. ಪಟ್ಟಿ ಸರಿ ಇಲ್ಲದಿದ್ದರೆ ಮುಂದಿನ ವರ್ಷ ಬೇರೆ ಮಂಡಿ.

ನಮ್ಮ ಕರ್ನಾಟಕದಲ್ಲಿ ಏನೇನು ಮಾಡಬಹುದು? ಸಂವಿಧಾನದ 195ನೇ ವಿಧಿ ಪ್ರಕಾರ ಶಾಸಕರ ಸಂಬಳ, ಭತ್ಯೆಯನ್ನು ರಾಜ್ಯದ ಶಾಸಕಾಂಗವೇ ಕಾನೂನು ಮಾಡಿ ನಿಗದಿ ಮಾಡಬೇಕು. ಸಂಸದರಿಗೆ 106ನೇ ವಿಧಿ. ಅದಕ್ಕೇ ಅವರ ಸಂಬಳ ಅವರೇ ಏರಿಸಿಕೊಳ್ಳುತ್ತಾರೆ ಅನ್ನುವ ದೂರು ಸಂವಿಧಾನದೊಳಗೇ ಕೂತಿದೆ. ಆದರೆ ಅದೇ ಕಾನೂನಿನಲ್ಲಿ, ಹೊರಗಿನ ಒಂದು ಆಯೋಗ ಹೇಳಿದಷ್ಟು ಮಾತ್ರ, ಮುಂದಿನ ವಿಧಾನಸಭೆಯಿಂದ ಮಾತ್ರ ಅಂತ ಬರೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಮುಂದಿನ ವಿಧಾನಸಭೆಯಿಂದ ಅನ್ನುವುದು ನನಗೆ ಬಹಳ ಮುಖ್ಯ. ಕೈ ಎತ್ತುವವರಿಗೆ ಅದರ ಲಾಭ ನೇರ ಸಿಗಬಾರದು. ಸಂಸತ್ತು 2018ರಲ್ಲಿ ಬೇರೆ ದಾರಿ ಹಿಡಿಯಿತು. ಸಂಸದರ ಸಂಬಳ 1 ಲಕ್ಷ ಮಾಡಿ, ಐದು ವರ್ಷಕ್ಕೊಮ್ಮೆ ಬೆಲೆ ಏರಿಕೆಯ ಸೂಚ್ಯಂಕಕ್ಕೆ ತಕ್ಕಂತೆ ಏರಲಿ ಅಂತ ಬರೆಯಿತು. 2025ರಲ್ಲಿ ಅದು 1.24 ಲಕ್ಷ ಅಂತ ಆದೇಶ ಬಂತು. ಗಲಾಟೆ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಮೊದಲ ಮೊತ್ತ ಸರಿಯಾ ಅಂತ ಕೇಳುವ ಅವಕಾಶವೂ ಕಡಿಮೆಯಾಯಿತು.

ಭತ್ಯೆಗಳನ್ನೆಲ್ಲ ಸಂಬಳಕ್ಕೆ ಸೇರಿಸಿ, ತೆರಿಗೆ ಹಾಕಿ, ಅಷ್ಟೇ ನಿಮ್ಮ ದುಡ್ಡು ಅಂದುಬಿಡಬಹುದು. ಲೆಕ್ಕ ಸರಳವಾಗುತ್ತದೆ. ಆದರೆ ಕ್ಷೇತ್ರ ಸುತ್ತುವವರಿಗೂ ಬೆಂಗಳೂರಿನಲ್ಲೇ ಕೂರುವವರಿಗೂ ಒಂದೇ ಆಗುತ್ತದೆ. ಸಾಗರ, ಹೊಸನಗರದ ಕಡೆ ಮಳೆಗಾಲದಲ್ಲಿ ಹಿನ್ನೀರು ಸುತ್ತಿ ಹೋಗುವ ದಾರಿ ನಿಮಗೇ ಗೊತ್ತು. ಬೆಂಗಳೂರಿನ ಒಂದು ವಾರ್ಡಿನಷ್ಟು ಜಾಗದ ಶಾಸಕರ ಡೀಸೆಲ್ಲೂ ಮಲೆನಾಡಿನ ಶಾಸಕರ ಡೀಸೆಲ್ಲೂ ಒಂದಲ್ಲ.

ಎಲ್ಲದಕ್ಕೂ ಬಿಲ್ ಕೇಳಬಹುದು. ಅನುಭವದ ಮಾತು ಹೇಳುತ್ತೇನೆ: ಬಿಲ್ ಕೇಳಿದ ಕೂಡಲೇ ಬಿಲ್ ಹುಟ್ಟುತ್ತದೆ. ಖಾಲಿ ಬಿಲ್ ಪುಸ್ತಕ ಕೊಡುವ ಅಂಗಡಿ ಪ್ರತಿ ಪೇಟೆಯಲ್ಲೂ ಒಂದಿರುತ್ತದೆ. ನಾನು ಒಂದೇ ಕೈಬರಹದ ಮೂರು ಹೋಟೆಲ್ ಬಿಲ್ ನೋಡಿದ್ದೇನೆ. ಬರೀ ಬಿಲ್ಲಿನಿಂದ ಏನೂ ಆಗುವುದಿಲ್ಲ. ಬಿಲ್ಲನ್ನು ಆ ಊರಿನವರು ನೋಡುವ ಹಾಗೆ ಇಟ್ಟರೆ ಮಾತ್ರ ಅದಕ್ಕೆ ಬೆಲೆ. ಇಂಥ ದಿನ ಇಂಥ ಊರಿಗೆ ಬಂದಿದ್ದರು ಅಂತ ಬರೆದಿದ್ದರೆ, ಬಂದಿರಲಿಲ್ಲ ಅಂತ ಹೇಳಲು ಆ ಊರಿನವರಿಗಿಂತ ಒಳ್ಳೆಯ ಆಡಿಟರ್ ಯಾರು? ಇದರಲ್ಲಿ ಅಪಾಯವೂ ಇದೆ. ಲೆಕ್ಕ ಬಯಲಿಗಿಟ್ಟಾಗ ಮೊದಲು ಕಿರುಕುಳಕ್ಕೆ ಸಿಗುವವರು ದೊಡ್ಡವರಲ್ಲ. ಹೊಸದಾಗಿ ಗೆದ್ದ ಹೆಣ್ಣುಮಕ್ಕಳು, ದಲಿತ ಸದಸ್ಯರು. ಅವರ ಟೀ ಬಿಲ್ಲನ್ನು ವಾಟ್ಸಾಪಿನಲ್ಲಿ ಹಾಕಿ ಆಡಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಹಾಗಾಗಿ ಮನೆ ವಿಳಾಸ, ಫೋನ್ ನಂಬರ್, ಕಾಯಿಲೆಯ ವಿವರ ಹೊರಗೆ ಬರಬಾರದು. ಮೊತ್ತ, ದಿನಾಂಕ, ಉದ್ದೇಶ ಬರಬೇಕು. ಎಲ್ಲರದ್ದೂ ಒಂದೇ ದಿನ, ಒಂದೇ ರೀತಿ ಬರಬೇಕು.

ಭತ್ಯೆಯನ್ನೇ ಪೂರ್ತಿ ತೆಗೆಯಿರಿ, ಸೇವೆ ಮಾಡಲು ಬಂದವರಿಗೆ ದುಡ್ಡು ಯಾಕೆ ಅನ್ನುವವರೂ ಇದ್ದಾರೆ. ಇದನ್ನು ನಾನು ಖಡಾಖಂಡಿತ ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ ಸಂಸದರಿಗೆ ಸಂಬಳ ಕೊಡಬೇಕು ಅಂತ 1838ರಲ್ಲೇ ಹೋರಾಟ ಮಾಡಿದವರು ಕಾರ್ಮಿಕರು. ಸಿಕ್ಕಿದ್ದು 1911ರಲ್ಲಿ. ಸಂಬಳ ಇಲ್ಲದಿದ್ದರೆ ಜಮೀನುದಾರರು ಮಾತ್ರ ಸಂಸತ್ತಿಗೆ ಹೋಗುತ್ತಾರೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ಜಿಲ್ಲೆಯವರಿಗೂ ಇದು ಗೊತ್ತಿರಬೇಕು. ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಮಾಡಿದ ಮರುವರ್ಷ, ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. ಕೈಯಲ್ಲಿ ಕಾಸಿಲ್ಲದ ಮನುಷ್ಯ ಸದನದಲ್ಲಿ ರೈತರ ಪರ ನಿಂತು ಮಾತಾಡಿದ್ದು ನಮ್ಮ ಜಿಲ್ಲೆಯ ಹೆಮ್ಮೆ. ಈಗ ಅವರಂಥವರು ಇಲ್ಲ, ಅದಕ್ಕೇ ಹೀಗಾಯಿತು ಅಂತ ಹಿರಿಯರು ಹೇಳುತ್ತಾರೆ. ನನಗೆ ಆ ಗೌರವ ಇದೆ. ಆದರೆ ಗೋಪಾಲಗೌಡರು ಬಂದೇ ಬರುತ್ತಾರೆ ಅಂತ ನಂಬಿ ನಿಯಮ ಬರೆಯಲು ಆಗುವುದಿಲ್ಲ. ಅಂಥವರು ಬಂದರೆ ಮನೆ ಸಾಲ ಮಾಡಿಕೊಳ್ಳದೆ ಕೆಲಸ ಮಾಡುವ ಹಾಗೂ ನಿಯಮ ಇರಬೇಕು.

ಇನ್ನೊಂದು ಮಾತು, ಇದು ನಮ್ಮ ಕಡೆಯ ತಪ್ಪು. ಶಾಸಕರ ಮನೆ ಮುಂದೆ ಬೆಳಿಗ್ಗೆ ಏಳು ಗಂಟೆಗೆ ನಿಂತು ನೋಡಿ. ಮದುವೆಗೆ, ಆಸ್ಪತ್ರೆಗೆ, ಜಾತ್ರೆಗೆ, ಕ್ರಿಕೆಟ್ ಟೂರ್ನಮೆಂಟಿನ ಕಪ್ಪಿಗೆ ದುಡ್ಡು ಕೇಳುವವರ ಸಾಲು. ಕೊಟ್ಟರೆ ಒಳ್ಳೆಯವರು, ಇಲ್ಲ ಅಂದರೆ ಸೊಕ್ಕು. ಆ ಕೊಡುವ ದುಡ್ಡು ಯಾವ ಭತ್ಯೆಯಲ್ಲೂ ಇಲ್ಲ. ಎಲ್ಲಿಂದ ಬರುತ್ತದೆ ಅಂತ ನಾವೂ ಕೇಳುವುದಿಲ್ಲ. ಚುನಾವಣೆಯಲ್ಲೂ ಹೀಗೇ. ವಿಧಾನಸಭೆಗೆ ಒಬ್ಬ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ನಿಜವಾದ ಖರ್ಚು ಎಷ್ಟು ಅಂತ ಊರಿನ ಪ್ರತಿಯೊಬ್ಬನಿಗೂ ಅಂದಾಜಿದೆ. ಭತ್ಯೆ ನಿಯಮ ಎಷ್ಟು ಚೆನ್ನಾಗಿ ಮಾಡಿದರೂ ಈ ದೊಡ್ಡ ತೂತು ಹಾಗೇ ಉಳಿಯುತ್ತದೆ. ಹಾಗಾಗಿ ಭತ್ಯೆ ಸುಧಾರಣೆ ಒಂದರಿಂದಲೇ ನಂಬಿಕೆ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಮೊದಲ ಮೆಟ್ಟಿಲು, ಅಷ್ಟೇ.

ನಿಮ್ಮ ಮಗನಿಗೆ ಒಂದು ಕೆಲಸ ಕೊಡಿ. ಗೆದ್ದವರು, ಸೋತವರು ಎಲ್ಲರೂ ಫಲಿತಾಂಶದ 30 ದಿನದೊಳಗೆ ಚುನಾವಣಾ ಖರ್ಚಿನ ಲೆಕ್ಕ ಕೊಡಬೇಕು. ಆ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿ ಹತ್ತಿರ ಇರುತ್ತದೆ. ಚುನಾವಣಾ ನಿಯಮದ ಪ್ರಕಾರ 1 ರೂಪಾಯಿ ಶುಲ್ಕ ಕಟ್ಟಿ ಅದನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ಊರಿನಲ್ಲಿ ಹಾಕಿದ್ದ ಶಾಮಿಯಾನ, ಊಟ, ಆಟೋ ಮೈಕು ಆ ಲೆಕ್ಕದಲ್ಲಿ ಇದೆಯಾ ಅಂತ ನೋಡಿ ಬರಲಿ. ಶಾಸಕರ ಟಿಎ, ಡಿಎ ವಿವರ ಬೇಕಿದ್ದರೆ ವಿಧಾನಸಭೆ ಸಚಿವಾಲಯಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. 10 ರೂಪಾಯಿ ಶುಲ್ಕ, ನಮ್ಮ ರಾಜ್ಯದ ನಿಯಮದಂತೆ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. 30 ದಿನದಲ್ಲಿ ಉತ್ತರ ಬರಬೇಕು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿದೆ. ಹಾಗಾಗಿ ವೈಯಕ್ತಿಕ ಅಂತ ನಿರಾಕರಿಸುವುದು ಸುಲಭವಾಗಿದೆ. ಆದರೆ ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಅನ್ನುವ 8(2) ಹಾಗೇ ಇದೆ. ಅರ್ಜಿಯಲ್ಲಿ ಮನುಷ್ಯನ ಬಗ್ಗೆ ಕೇಳದೆ, ಇಂಥ ತಿಂಗಳು ಸರ್ಕಾರದ ಖಜಾನೆಯಿಂದ ಹೋದ ಹಣದ ಬಗ್ಗೆ ಕೇಳಿ.

ಈಗ ನಿಮ್ಮ ಮೈದುನನ ಮಗಳ ವಿಷಯ. ನಿಲ್ಲಲಿ ಅಂತಲೇ ನಾನು ಹೇಳುತ್ತೇನೆ. ಆದರೆ ಮೂರು ಮಾತು ಮೊದಲೇ ಕಿವಿಗೆ ಹಾಕಿ.

ಗೌರವಧನ, ಸಭಾ ಭತ್ಯೆ ಏನು ಬರುತ್ತದೋ ಅದನ್ನು ತೆಗೆದುಕೊಳ್ಳಲಿ. ಬೇಡ ಅನ್ನುವುದು ದೊಡ್ಡತನ ಅಲ್ಲ. ತೀರ್ಥಹಳ್ಳಿ ಕಡೆ ಒಬ್ಬರು ಅಧ್ಯಕ್ಷೆ ಇದ್ದರು. ಜನ ಏನಂತಾರೋ ಅಂತ ಐದು ವರ್ಷ ಬಸ್ ಚಾರ್ಜು ಸಹ ಕ್ಲೈಮು ಮಾಡಲಿಲ್ಲ. ಕೊನೆಗೆ ಗಂಡನ ಹತ್ತಿರ ದಿನಾ ಕೈ ಚಾಚಬೇಕಾಯಿತು, ಮೀಟಿಂಗಿಗೆ ಹೋಗುವುದೇ ಕಡಿಮೆಯಾಯಿತು. ಆಮೇಲೆ ಬಂದವರು ಒಂದು ನೂರು ಪುಟದ ನೋಟ್‌ಬುಕ್ ಇಟ್ಟರು. ಎಡಗಡೆ ಟಿಕೆಟ್ ಅಂಟಿಸುವುದು, ಬಲಗಡೆ ಯಾಕೆ ಹೋಗಿದ್ದು ಅಂತ ಎರಡು ಸಾಲು ಬರೆಯುವುದು. ಆ ಪುಸ್ತಕ ಪಂಚಾಯಿತಿಯ ಮೇಜಿನ ಮೇಲೇ ಇರುತ್ತಿತ್ತು, ದಾರ ಕಟ್ಟಿ. ನಾನು ಆಡಿಟ್‌ಗೆ ಹೋದಾಗ ಅದರ ಮೂಲೆಗಳೆಲ್ಲ ಮಡಚಿ, ಬೆರಳ ಕಲೆ ಹತ್ತಿತ್ತು. ಅಂದರೆ ಜನ ತೆಗೆದು ನೋಡಿದ್ದರು.

ಕಾಮಗಾರಿಗೆ ಕೈಯಿಂದ ದುಡ್ಡು ಹಾಕಬಾರದು. ಇದು ಬಹಳ ಮುಖ್ಯ. ನಾನು ನೋಡಿದ ಹಾಗೆ ಒಳ್ಳೆಯ ಸದಸ್ಯರು ಕೆಡುವುದು ಇಲ್ಲೇ. ಚರಂಡಿ ಕೆಲಸ ನಿಂತಿದೆ, ಸಿಮೆಂಟಿಗೆ ನೀವೇ ಸದ್ಯಕ್ಕೆ ಕೊಡಿ, ಬಿಲ್ ಆದಮೇಲೆ ತೆಗೆದುಕೊಳ್ಳಿ ಅನ್ನುತ್ತಾರೆ. ಬಿಲ್ ಎಂಟು ತಿಂಗಳಾದರೂ ಆಗುವುದಿಲ್ಲ. ಬಡ್ಡಿ ಓಡುತ್ತದೆ. ಆಗ ಬೇರೆಯವರ ಹೆಸರಿನಲ್ಲಿ ಬಿಲ್ ಮಾಡಿ, ಮುಂದಿನ ಕೆಲಸದಲ್ಲಿ ಹೊಂದಿಸಿಕೊಳ್ಳಿ ಅನ್ನುವ ಮಾತು ಬರುತ್ತದೆ. ಒಂದು ಸಲ ಹೊಂದಿಸಿದರೆ ಮುಗಿಯಿತು.

ಕೊನೆಯದು ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ನಡೆಯಬೇಕು. ಹಿಂದಿನ ವರ್ಷದ ಲೆಕ್ಕ, ವೋಚರ್, ಕಾಮಗಾರಿ ಎಲ್ಲವನ್ನೂ ಜನರ ಮುಂದೆ ಇಡಬೇಕು. ಬಹಳ ಕಡೆ ಹತ್ತು ಜನ ಬಂದು, ಸಹಿ ಹಾಕಿ, ಟೀ ಕುಡಿದು ಹೋಗುತ್ತಾರೆ. ಈ ಸಲ ನಿಮ್ಮ ಸಂಘದ ಹೆಂಗಸರೆಲ್ಲ ಹೋಗಿ. ನಿಮಗಿಂತ ಚೆನ್ನಾಗಿ ವೋಚರ್ ಓದುವವರು ಆ ಊರಿನಲ್ಲಿ ಯಾರಿದ್ದಾರೆ? ಅವಳು ನಿಲ್ಲುವುದಾದರೆ ನಾಮಪತ್ರಕ್ಕಿಂತ ಮುಂಚೆ ಒಂದು ಜಮಾಬಂದಿಗೆ ಬರಲಿ. ಮಗನನ್ನೂ ಕರೆದುಕೊಂಡು ಹೋಗಿ. ವಾಹನ ಬಾಡಿಗೆಯ ಫೈಲಿನಿಂದ ಶುರುಮಾಡಿ. ಮಳೆಗಾಲದ ತಿಂಗಳುಗಳನ್ನು ಮೊದಲು ನೋಡಿ. ಯಾವ ದಿನ ಯಾವ ರಸ್ತೆ ಬಂದ್ ಆಗಿತ್ತು ಅಂತ ನಿಮಗೆ ನೆನಪಿರುತ್ತದೆ.